ದೊಡ್ಡ ಹಾಲ್‌ನಲ್ಲಿ ಸರೌಂಡ್ ಸೌಂಡ್: ಟೇಪ್ ಹಿಡಿಯುವುದು ಸೋಫಾದಿಂದ

ಹೊಸದಾಗಿ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಂದವರ ಮನೆಯಲ್ಲಿ ಹೆಚ್ಚಾಗಿ ಕಾಣುವ ಜೋಡಣೆ ಇದು: ಮುಂದಿನ ಸ್ಪೀಕರ್‌ಗಳು ಟಿವಿಗೆ ಅಂಟಿಕೊಂಡಂತೆ, ಹಿಂದಿನ ಎರಡು ಹಾಲ್‌ನ ಕೊನೆಯ ಮೂಲೆಗಳಲ್ಲಿ ಸೀಲಿಂಗ್ ಹತ್ತಿರ, ಬೇಸ್, ಅಂದರೆ ತಗ್ಗಿನ ಸ್ವರ ನುಡಿಸುವ ಸಬ್‌ವೂಫರ್ ಎಲ್ಲಿ ಜಾಗ ಉಳಿಯಿತೋ ಅಲ್ಲಿ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಾದರೆ ಇದು ಹೇಗೋ ನಡೆದುಹೋಗುತ್ತದೆ. ಊಟದ ಜಾಗವೂ ಕೂಡಿಕೊಂಡ ದೊಡ್ಡ ಹಾಲ್‌ನಲ್ಲಿ ನಡೆಯುವುದಿಲ್ಲ. ಮಾತು ಮಸುಕಾಗುತ್ತದೆ, ಹಿಂದಿನ ಸದ್ದು ಎಲ್ಲೋ ದೂರದಲ್ಲಿ ಕೇಳುತ್ತದೆ, ಬೇಸ್ ಒಬ್ಬರಿಗೆ ಎದೆ ನಡುಗಿಸಿದರೆ ಪಕ್ಕದಲ್ಲಿ ಕೂತವರಿಗೆ ಇಲ್ಲವೇ ಇಲ್ಲ.

ಕಾರಣ ಒಂದೇ. ಸ್ಪೀಕರ್‌ಗಳನ್ನು ಗೋಡೆ ನೋಡಿ ಇಟ್ಟಿರುತ್ತಾರೆ, ಕೇಳುವವರು ಕೂರುವ ಜಾಗ ನೋಡಿ ಅಲ್ಲ. ಸರೌಂಡ್ ಸೌಂಡ್ ಎಂಬುದು ಕೋನಗಳ ಲೆಕ್ಕ. ಆ ಕೋನಗಳೆಲ್ಲ ಶುರುವಾಗುವುದು ನಡುವಿನ ಸೀಟಿನಲ್ಲಿ ಕೂತವರ ತಲೆಯಿಂದ.

ಅಳತೆ ಸ್ಪಷ್ಟವಾಗಲೆಂದು ಒಂದು ಹಾಲ್ ಇಟ್ಟುಕೊಳ್ಳೋಣ: 24 ಅಡಿ ಉದ್ದ, 16 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ. ಟಿವಿ 16 ಅಡಿಯ ಗೋಡೆಯಲ್ಲಿ, ಸೋಫಾದ ಹಿಂದೆ ಡೈನಿಂಗ್ ಟೇಬಲ್. ಬೆಂಗಳೂರಿನಲ್ಲಿ 40×60 ಸೈಟಿನ ಮನೆಗಳಲ್ಲೂ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲೂ ಇಂಥ ಹಾಲ್ ಸಾಮಾನ್ಯ. ನಿಮ್ಮದು ಬೇರೆ ಅಳತೆಯದ್ದಾದರೆ ಸಂಖ್ಯೆ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ಮೊದಲು ಸೋಫಾ

ಸೋಫಾವನ್ನು ಹಾಲ್‌ನ ಉದ್ದದ ನಟ್ಟನಡುವೆ, ಅಂದರೆ 12 ಅಡಿಗೆ ಇಡಬೇಡಿ. 24 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 23 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. ಅದರ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚು, ನಡುವೆ ಬಹುತೇಕ ಸೊನ್ನೆ. ಅದರ ಮೂರು ಪಟ್ಟಿನ, 70 ಹರ್ಟ್ಸ್ ಆಸುಪಾಸಿನ ಅಲೆಗೂ ಅದೇ ಗತಿ. ನಡುವೆ ಕೂತರೆ ಎಷ್ಟು ದುಬಾರಿ ಸಬ್‌ವೂಫರ್ ಇದ್ದರೂ ಆ ಸ್ವರಗಳು ಕಿವಿಗೆ ಬರುವುದಿಲ್ಲ. ಹಿಂದಿನ ಗೋಡೆಗೆ ಒರಗಿಸಿದರೆ ಉಲ್ಟಾ, ಬೇಸ್ ಗುಂಯ್‌ಗುಟ್ಟುತ್ತದೆ. ಉದ್ದದ ಶೇ 38 ರಿಂದ 42ರಷ್ಟು ದೂರ ಒಳ್ಳೆಯ ಆರಂಭ. ನಮ್ಮ ಹಾಲ್‌ನಲ್ಲಿ ಕಿವಿ ಟಿವಿ ಗೋಡೆಯಿಂದ ಸುಮಾರು 10 ಅಡಿಗೆ ಬರಲಿ.

ಈಗ ನಡುವಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ನೆಲದಿಂದ ಅವರ ಕಿವಿಯ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಸಾಮಾನ್ಯ ಸೋಫಾದಲ್ಲಿ ಅದು 95 ರಿಂದ 105 ಸೆಂಟಿಮೀಟರ್. ಮುಂದೆ ಪ್ರತಿ ಸ್ಪೀಕರ್‌ಗೂ ಈ ಸಂಖ್ಯೆ ಬೇಕು.

ಮುಂದಿನ ಮೂರು

ಎಡ ಮತ್ತು ಬಲ ಸ್ಪೀಕರ್‌ಗಳು ಕೇಳುವವರ ನೇರ ನೋಟದಿಂದ ತಲಾ 22 ರಿಂದ 30 ಡಿಗ್ರಿ ಆಚೆಗಿರಬೇಕು. ಪ್ರೊಟ್ರ್ಯಾಕ್ಟರ್ ಬೇಡ. ಸ್ಪೀಕರ್‌ಗಳ ಸಾಲಿನಿಂದ ಕಿವಿಗೆ ಇರುವ ನೇರ ದೂರವನ್ನು 1.15ರಿಂದ ಗುಣಿಸಿದರೆ 30 ಡಿಗ್ರಿಗೆ ಬೇಕಾದ ಅಂತರ ಸಿಗುತ್ತದೆ. ಸ್ಪೀಕರ್‌ಗಳ ಮುಖ ಗೋಡೆಯಿಂದ 2 ಅಡಿ ಮುಂದಿದ್ದರೆ ಕಿವಿಗೆ 8 ಅಡಿ ಉಳಿಯುತ್ತದೆ. 8 ಗುಣಿಸು 1.15, ಸುಮಾರು 9 ಅಡಿ 2 ಇಂಚು. ಎರಡು ಸ್ಪೀಕರ್‌ಗಳ ನಡುವೆ ಅಷ್ಟು ಅಂತರ ಕೊಟ್ಟರೆ ಪಕ್ಕದ ಗೋಡೆಗಳಿಂದಲೂ ಮೂರು ಅಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ದೊಡ್ಡ ಹಾಲ್ ಇರುವವರಿಗೆ ಸಿಗುವ ದೊಡ್ಡ ಲಾಭ ಇದೇ, ಬಿಟ್ಟುಕೊಡಬೇಡಿ. ಟ್ವೀಟರ್, ಅಂದರೆ ತಾರಸ್ವರ ನುಡಿಸುವ ಸಣ್ಣ ಘಟಕ, ಕಿವಿಯ ಎತ್ತರಕ್ಕೆ ಬರಲಿ. ಮುಖವನ್ನು ಸ್ವಲ್ಪ ಒಳಕ್ಕೆ, ಕೂತವರ ಭುಜದ ಕಡೆಗೆ ತಿರುಗಿಸಿ.

ಸಿನಿಮಾದ ಮಾತೆಲ್ಲ ಹೆಚ್ಚುಕಡಿಮೆ ಸೆಂಟರ್ ಸ್ಪೀಕರ್‌ನಿಂದಲೇ ಬರುತ್ತದೆ. ಅದನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತಳ್ಳಿಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಗೂಡಿನ ಹಲಗೆಗಳಿಗೆ ಬಡಿದು ವಾಪಸಾಗುವ ಸದ್ದು ಮಾತಿನ ಮೇಲೆ ಕೂತು, ಪ್ರತಿ ದನಿಯೂ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಸ್ಪೀಕರ್ ಮುಖವನ್ನು ಹಲಗೆಯ ಅಂಚಿಗೆ ತನ್ನಿ, ಅರ್ಧ ಇಂಚು ಆಚೆ ಬಂದರೂ ಸರಿಯೇ. ಮುಂಭಾಗದ ಕೆಳಗೆ ರಬ್ಬರ್ ಬುಷ್ ಇಟ್ಟು, ಮುಖ ಕೂತವರ ಕಿವಿಯತ್ತ ನೋಡುವಷ್ಟು ಮೇಲಕ್ಕೆತ್ತಿ. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿರಲಿ, ಇಲ್ಲದಿದ್ದರೆ ಎಡದಿಂದ ಬಲಕ್ಕೆ ಹಾಯುವ ಕಾರಿನ ಸದ್ದು ನಡುವೆ ಬಣ್ಣ ಬದಲಿಸುತ್ತದೆ.

ಸರೌಂಡ್ ಎಂದರೆ ಹಿಂದಿನ ಮೂಲೆಯಲ್ಲ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ 5.1ರ ಸರೌಂಡ್ ಸ್ಪೀಕರ್‌ಗಳ, ಅಂದರೆ ಹಿಂದಿನ ಎರಡರ, ಜಾಗ ನೇರ ನೋಟದಿಂದ 100 ರಿಂದ 120 ಡಿಗ್ರಿ. ಅಂದರೆ ಕಿವಿಯ ಪಕ್ಕದಲ್ಲಿ, ಚೂರು ಹಿಂದೆ. ನಮ್ಮ ಹಾಲ್‌ನ ಹಿಂಬದಿ ಮೂಲೆ ನಡುವಿನ ಸೀಟಿನಿಂದ ಸುಮಾರು 150 ಡಿಗ್ರಿಯಲ್ಲಿದೆ, ದೂರ 16 ಅಡಿ. ಅಲ್ಲಿಟ್ಟರೆ ಪಕ್ಕದಿಂದ ಬರಬೇಕಾದ ಮಳೆ, ಜನರ ಗದ್ದಲ, ಕಾಡಿನ ಸದ್ದು ಎಲ್ಲವೂ ಬೆನ್ನಿಗೆ ಬೀಳುತ್ತವೆ, ಪಕ್ಕಗಳು ಖಾಲಿ. ಸ್ಪೀಕರ್‌ಗಳನ್ನೆಲ್ಲ ನಡೆಸುವ ರಿಸೀವರ್, ಸದ್ದು ಕಿವಿ ತಲುಪುವ ಹೊತ್ತನ್ನು ಸರಿದೂಗಿಸಬಲ್ಲದು, ಮಟ್ಟವನ್ನು ಏರಿಸಬಲ್ಲದು. ಕೋನವನ್ನು ಸರಿಪಡಿಸಲು ಅದಕ್ಕೆ ಬರುವುದಿಲ್ಲ.

ಪಕ್ಕದ ಗೋಡೆಗಳು ನಡುವಿನ ಸೀಟಿನಿಂದ 8 ಅಡಿ ದೂರ. ಅಲ್ಲಿ 110 ಡಿಗ್ರಿ ಬೇಕೆಂದರೆ ಕಿವಿಯ ಸಾಲಿನಿಂದ 3 ಅಡಿ ಹಿಂದಕ್ಕೆ ಸ್ಪೀಕರ್ ಬರಬೇಕು. ಎತ್ತರ ಕಿವಿಗಿಂತ ಒಂದರಿಂದ ಎರಡು ಅಡಿ ಮೇಲೆ. ಹಾಗಿದ್ದರೆ ಸೋಫಾದ ತುದಿಯಲ್ಲಿ ಕೂತವರ ಕಿವಿಗೆ ಹತ್ತಿರದ ಸ್ಪೀಕರ್ ನೇರವಾಗಿ ಬಡಿಯುವುದಿಲ್ಲ, ಪಕ್ಕದವರ ತಲೆಯೂ ಅಡ್ಡ ಬರುವುದಿಲ್ಲ. ಹತ್ತಿರವಿದ್ದಷ್ಟೂ ಒಳ್ಳೆಯದೆಂದು ಸೋಫಾದ ಕೈಗೇ ತಂದಿಡುವವರಿದ್ದಾರೆ. ಒಬ್ಬರೇ ನೋಡುವುದಾದರೆ ಅಡ್ಡಿಯಿಲ್ಲ. ಮನೆಮಂದಿಯೆಲ್ಲ ಕೂರುವಲ್ಲಿ ತುದಿಯವರಿಗೆ ಒಂದೇ ಸ್ಪೀಕರ್ ಕೇಳಿಸುತ್ತದೆ. ಒಂದು ಕಡೆ ಗೋಡೆಯಿದ್ದು ಇನ್ನೊಂದು ಕಡೆ ಬಾಲ್ಕನಿಯೋ ಪ್ಯಾಸೇಜೋ ಇದ್ದರೆ, ತೆರೆದ ಕಡೆ ಸ್ಟ್ಯಾಂಡ್ ಮೇಲೆ ಅದೇ ದೂರ, ಅದೇ ಎತ್ತರಕ್ಕೆ ಇಡಿ.

ಗೋಡೆಗೆ ಹಾಕುವ ಮುನ್ನ ಅದು ಯಾವ ಗೋಡೆ ಎಂದು ತಿಳಿಯಿರಿ. ನಗರದ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಅನೇಕವು ಮಿವಾನ್ ಶೈಲಿಯವು, ಅಂದರೆ ಗೋಡೆಯೇ ಕಬ್ಬಿಣ ಹಾಕಿದ ಕಾಂಕ್ರೀಟು. ಹ್ಯಾಮರ್ ಡ್ರಿಲ್ ಇದ್ದರೆ ತೂತು ಕೊರೆಯಬಹುದು. ವೈರ್ ಹುದುಗಿಸಲು ಉದ್ದಕ್ಕೆ ಕೊರೆಯುವಂತಿಲ್ಲ, ಕಟ್ಟಡದ ಭಾರ ಹೊರುವುದು ಅದೇ ಗೋಡೆ. ಅಲ್ಲಿ ಸ್ಕರ್ಟಿಂಗ್ ಉದ್ದಕ್ಕೂ ಕೇಸಿಂಗ್ ಪಟ್ಟಿಯೇ ದಾರಿ. ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ಮಾತ್ರ ಯಾವ ಸ್ಪೀಕರನ್ನೂ ನೇರವಾಗಿ ತೂಗುಹಾಕಬೇಡಿ. ಭಾರವನ್ನು ಮೇಲಿನ ಸ್ಲ್ಯಾಬ್‌ಗೆ ಆ್ಯಂಕರ್ ಹಾಕಿ ಹೊರಿಸಬೇಕು.

7.1 ಬೇಕೆನ್ನುವವರು ಇನ್ನೆರಡನ್ನು 135 ರಿಂದ 150 ಡಿಗ್ರಿಯಲ್ಲಿ, ಸೋಫಾದಿಂದ ಐದಾರು ಅಡಿ ಹಿಂದೆ ಇಡಬೇಕು. ಆಗ ಪಕ್ಕದವು 90 ರಿಂದ 110 ಡಿಗ್ರಿಗೆ ಸರಿಯಬೇಕು. ಹಿಂದೆ ಡೈನಿಂಗ್ ಟೇಬಲ್ ಇರುವ ಮನೆಯಲ್ಲಿ ಸ್ಟ್ಯಾಂಡ್‌ಗಳು ಕಾಲಿಗೆ ಸಿಗುತ್ತವೆ. ಆ ದುಡ್ಡನ್ನು ಎರಡನೆಯ ಸಬ್‌ವೂಫರ್‌ಗೆ ಹಾಕುವುದೇ ಮೇಲು.

ತಲೆಯ ಮೇಲಿಂದಲೂ ಸದ್ದು ಕೊಡುವ ಅಟ್ಮಾಸ್‌ಗೆ ಎರಡು ಸೀಲಿಂಗ್ ಸ್ಪೀಕರ್ ಹಾಕುವುದಾದರೆ ಕೂತವರ ತಲೆಯ ಮೇಲಿಂದ ಒಂದು ಅಡಿ ಮುಂದೆ, ಮುಂದಿನ ಎಡಬಲ ಸ್ಪೀಕರ್‌ಗಳ ಅಂತರದಲ್ಲೇ ಇರಲಿ. ಮೇಲ್ಮುಖವಾಗಿ ಸದ್ದು ಚಿಮ್ಮಿಸುವ ಬಗೆಯವು ಸಮತಟ್ಟಾದ, ಗಟ್ಟಿ ಸೀಲಿಂಗ್ ಇದ್ದರಷ್ಟೇ ಕೆಲಸ ಮಾಡುತ್ತವೆ. ಎಲ್‌ಇಡಿ ಪಟ್ಟಿಗೆಂದು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ ಫಾಲ್ಸ್ ಸೀಲಿಂಗ್‌ನಲ್ಲಿ ಅವು ವ್ಯರ್ಥ.

ಸಬ್‌ವೂಫರ್ ಜಾಗ ಹುಡುಕುವ ಬಗೆ

ನಮ್ಮ ಹಾಲ್‌ನ ಗಾಳಿಯ ಪ್ರಮಾಣ ಸುಮಾರು 3,650 ಘನ ಅಡಿ. ತೆರೆದ ಅಡುಗೆಮನೆ ಇದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ, ಬೇಸ್‌ಗೆ ಕೋಣೆಗಳ ಗಡಿ ಗೊತ್ತಿಲ್ಲ. ಸೆಟ್ ಜೊತೆ ಬರುವ 8 ಇಂಚಿನ ಸಬ್‌ವೂಫರ್ ಇಲ್ಲಿ ಏದುಸಿರು ಬಿಡುತ್ತದೆ. 12 ಇಂಚಿನದು ಬೇಕು, ಎರಡಿದ್ದರೆ ಇನ್ನೂ ಒಳ್ಳೆಯದು.

ಒಂದೇ ಇದ್ದರೆ ಹೀಗೆ ಮಾಡಿ. ಸಬ್‌ವೂಫರನ್ನು ಸೋಫಾದ ನಡುವಿನ ಸೀಟಿನ ಮೇಲೇ ಇಡಿ. ಬೇಸ್ ಗಿಟಾರ್ ಏರಿಳಿಯುವ ಹಾಡೊಂದನ್ನು ಹಾಕಿ, ನೀವು ಮಂಡಿಯೂರಿ ಗೋಡೆಯ ಬದಿಯಲ್ಲೇ ಸಾಗುತ್ತಾ, ಎರಡೆರಡು ಅಡಿಗೊಮ್ಮೆ ನಿಂತು, ಕಿವಿ ನೆಲದ ಹತ್ತಿರ ತಂದು ಕೇಳಿ. ಎಲ್ಲ ಸ್ವರಗಳೂ ಒಂದೇ ಗಟ್ಟಿತನದಲ್ಲಿ, ಬಿಡಿಬಿಡಿಯಾಗಿ ಕೇಳುವ ಜಾಗಕ್ಕೆ ಗುರುತು ಹಾಕಿ. ಸಬ್‌ವೂಫರ್ ಹೋಗಬೇಕಾದದ್ದು ಅಲ್ಲಿಗೆ. ಮೂಲೆಯಲ್ಲಿ ಸದ್ದು ಅತಿ ಜೋರು, ಆದರೆ ಕೋಣೆಯ ಎಲ್ಲ ಅನುರಣನಗಳೂ ಅಲ್ಲಿಂದಲೇ ಎದ್ದು ಕೂರುತ್ತವೆ. ಜೋರನ್ನು ಸೊಗಸೆಂದು ಎಣಿಸಬೇಡಿ.

16 ಅಡಿ ಅಗಲದಿಂದ ಹುಟ್ಟುವ ಅಲೆ 35 ಹರ್ಟ್ಸ್ ಆಸುಪಾಸಿನದು. ನಡುವಿನ ಸೀಟು ಅಗಲದ ಮಧ್ಯದಲ್ಲೇ ಇರುವುದರಿಂದ ಅಲ್ಲಿ ಅದು ಸಿಗುವುದೇ ಇಲ್ಲ, ತುದಿಯ ಸೀಟುಗಳಿಗೆ ಮಾತ್ರ ಸಿಗುತ್ತದೆ. ಸೀಟಿನಿಂದ ಸೀಟಿಗೆ ಬೇಸ್ ಬದಲಾಗುವುದು ಇಂಥ ಕಾರಣಕ್ಕೆ. ಎರಡು ಸಬ್‌ವೂಫರ್‌ಗಳನ್ನು ಎದುರುಬದುರು ಗೋಡೆಗಳ ಮಧ್ಯಕ್ಕೆ ಇಟ್ಟರೆ ಈ ವ್ಯತ್ಯಾಸ ಬಹಳ ತಗ್ಗುತ್ತದೆ: ಟಿವಿ ಗೋಡೆಯ ಮಧ್ಯ ಮತ್ತು ಹಿಂದಿನ ಗೋಡೆಯ ಮಧ್ಯ, ಇಲ್ಲವೇ ಎಡಬಲ ಗೋಡೆಗಳ ಮಧ್ಯ. ಜೊತೆಯಾಗಿ ಇಡುವ ಎರಡೂ ಒಂದೇ ಮಾದರಿಯವಾಗಿರಲಿ.

ವೈರ್

ರಿಸೀವರ್‌ನಿಂದ ಸರೌಂಡ್‌ಗೆ ಗೋಡೆ ಬದಿಯಲ್ಲಿ ಸುತ್ತಿಕೊಂಡು ಹೋಗುವಾಗ 12 ರಿಂದ 15 ಮೀಟರ್ ಬೇಕಾಗುತ್ತದೆ. 8 ಓಮ್ ಸ್ಪೀಕರ್‌ಗೆ 15 ಮೀಟರ್‌ವರೆಗೆ 1.5 ಚದರ ಮಿಲಿಮೀಟರ್ ವೈರ್ ಸಾಕು. ಹೋಗಿ ಬರುವ ದಾರಿಯ ತಡೆ ಸುಮಾರು 0.34 ಓಮ್, ಸ್ಪೀಕರ್ ತಡೆಯ ಶೇ 5ರೊಳಗೆ. ಅದಕ್ಕಿಂತ ಉದ್ದವಾದರೆ, ಇಲ್ಲವೇ ಸ್ಪೀಕರ್ 4 ಓಮ್‌ನದ್ದಾದರೆ 2.5 ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವಾಗ ತಾಮ್ರದ ವೈರೇ ಎಂದು ಖಚಿತ ಮಾಡಿಕೊಳ್ಳಿ. ಎಳೆಯೊಂದನ್ನು ಬ್ಲೇಡಿನಲ್ಲಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದೇ ದಪ್ಪಕ್ಕೆ ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು.

ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆಯೇ 25 ಮಿಲಿಮೀಟರ್ ಪಿವಿಸಿ ಪೈಪ್ ಹಾಕಿಸಲಿ, ಒಳಗೆ ಎಳೆಯುವ ತಂತಿ ಬಿಟ್ಟಿರಲಿ. ಕರೆಂಟ್ ಪೈಪ್‌ನಿಂದ ಒಂದು ಅಡಿ ದೂರ ಇರಬೇಕು, ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಲಿ. ಸಬ್‌ವೂಫರ್ ಬರಬಹುದಾದ ಮೂರು ಕಡೆಯಾದರೂ ಸಾಕೆಟ್ ಮತ್ತು ಪೈಪ್ ಬಿಡಿಸಿ. ವೈರ್‌ಲೆಸ್ ಸರೌಂಡ್‌ಗೂ ಪಕ್ಕದಲ್ಲೇ ಕರೆಂಟ್ ಪಾಯಿಂಟ್ ಬೇಕೇ ಬೇಕು ಎಂಬುದನ್ನು ಬಹಳಷ್ಟು ಜನ ತಂದ ಮೇಲೆ ಗಮನಿಸುತ್ತಾರೆ.

ತುದಿ ಜೋಡಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ತೆಳುವಾಗಿ, ನಡುವಿನ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಹೊರಗುಳಿದ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೆ ರಿಸೀವರ್ ತಾನಾಗಿ ಆಫ್ ಆಗುತ್ತದೆ. ವೈರ್ ತುದಿಗೆ ಬನಾನಾ ಪ್ಲಗ್ ಎಂಬ ಲೋಹದ ಪಿನ್ ಹಾಕಿದರೆ ಈ ಭಯವಿಲ್ಲ.

ನೆಲ, ಗಾಜು, ಪರದೆ

ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟ್ರ್‌ರ್ ಎಂದು ಸದ್ದು ಎಳೆದುಕೊಂಡರೆ ಗಟ್ಟಿ ಗೋಡೆಗಳ ನಡುವೆ ಸದ್ದು ಚೆಂಡಾಡುತ್ತಿದೆ ಎಂದರ್ಥ. ವಿಟ್ರಿಫೈಡ್ ಟೈಲ್ಸ್, ಬಾಲ್ಕನಿಯ ಸ್ಲೈಡಿಂಗ್ ಗಾಜು, ಬರಿ ಗೋಡೆ ಮೂರೂ ಇರುವ ನಮ್ಮ ಹಾಲ್‌ಗಳಲ್ಲಿ ಇದು ಮಾಮೂಲು. ಸೋಫಾ ಮತ್ತು ಟಿವಿ ನಡುವೆ ದಪ್ಪ ಕಾರ್ಪೆಟ್ ಹಾಸಿ, ತೆಳು ಜಮಖಾನದಿಂದ ಹೆಚ್ಚು ಪ್ರಯೋಜನವಿಲ್ಲ. ಗಾಜಿಗೆ ಭಾರವಾದ ಬಟ್ಟೆಯ ಪರದೆ, ಕಿಟಕಿಯ ಅಗಲದ ಎರಡು ಪಟ್ಟು ಬಟ್ಟೆ, ನೆರಿಗೆ ಬೀಳುವಂತೆ. ಪಕ್ಕದ ಗೋಡೆಯ ಮೇಲೆ ಕನ್ನಡಿಯೊಂದನ್ನು ಸರಿಸುತ್ತಾ ಹೋಗಿ. ಸೋಫಾದಲ್ಲಿ ಕೂತವರಿಗೆ ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗದಲ್ಲಿ ಪುಸ್ತಕದ ಕಪಾಟು ಅಥವಾ ಪರದೆ ಬಂದರೆ ಮಾತು ತಿಳಿಯಾಗುತ್ತದೆ.

ಮೈಕ್ ಇಟ್ಟು ಅಳತೆ

ಸ್ಪೀಕರ್‌ಗಳ ದೂರ, ಮಟ್ಟ ಅಳೆಯಲು ರಿಸೀವರ್ ಜೊತೆ ಬರುವ ಮೈಕನ್ನು ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ಇಡಿ. ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿಗೆ ತಾಗಿಸಬೇಡಿ. ಫ್ಯಾನ್, ಎಸಿ ಆಫ್ ಇರಲಿ. ರಸ್ತೆ ಬದಿಯ ಮನೆಯಾದರೆ ಬೆಳಗಿನ ಜಾವ ಮಾಡಿ. ಮೊದಲ ಅಳತೆ ನಡುವಿನ ಸೀಟಿನದು, ಉಳಿದವು ಅದರಿಂದ ಎರಡು ಅಡಿಯೊಳಗೆ.

ಮುಗಿದ ಮೇಲೆ ಮೆನು ತೆರೆದು ಪರಿಶೀಲಿಸಿ. ದೂರಗಳು ನಿಮ್ಮ ಟೇಪಿನ ಅಳತೆಗೆ ಹತ್ತಿರವಿರಬೇಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಸದ್ದಿನ ವೇಗ ಬದಲಾಗದೇ ಎಂದು ಕೇಳುವವರಿದ್ದಾರೆ. ವೇಗ ನಿಲ್ಲುವುದು ಉಷ್ಣಾಂಶದ ಮೇಲೆ, ಎತ್ತರದ ಮೇಲಲ್ಲ. 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್. ಸಬ್‌ವೂಫರ್ ದೂರ ಮಾತ್ರ ನಿಜಕ್ಕಿಂತ ಕೆಲವು ಅಡಿ ಹೆಚ್ಚು ತೋರಿಸಬಹುದು. ಅದರೊಳಗಿನ ಸರ್ಕ್ಯೂಟ್ ಮಾಡುವ ವಿಳಂಬವನ್ನೂ ರಿಸೀವರ್ ಸೇರಿಸಿಕೊಂಡಿರುತ್ತದೆ, ತಿದ್ದಬೇಡಿ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್, ಅಂದರೆ ಸಬ್‌ವೂಫರ್‌ಗೆ ಹೋಗುವ ಸ್ವರಗಳ ಗಡಿ, 80 ಹರ್ಟ್ಸ್‌ಗೆ ಇಡಿ. ಆಗ ಭಾರದ ಕೆಲಸ ಸಬ್‌ವೂಫರ್ ಪಾಲಿಗೆ ಹೋಗಿ ರಿಸೀವರ್ ನಿರಾಳವಾಗುತ್ತದೆ. ಇಷ್ಟಾದ ಮೇಲೂ ಮಾತು ಸಣ್ಣದೆನಿಸಿದರೆ ಸೆಂಟರ್ ಮಟ್ಟವನ್ನು 2 ಡೆಸಿಬಲ್ ಏರಿಸಿ. ಸೋಫಾ ಜರುಗಿಸಿದರೆ, ಕಾರ್ಪೆಟ್ ಬದಲಿಸಿದರೆ ಮತ್ತೆ ಅಳತೆ ಮಾಡಿಸಬೇಕು.

ರಿಸೀವರ್ ಮೇಲೆ ಕನಿಷ್ಠ ನಾಲ್ಕು ಇಂಚು ಖಾಲಿ ಇರಲಿ. ಶಟರ್ ಮುಚ್ಚಿದ ಕಪಾಟಿನೊಳಗೆ ಅದು ಬಿಸಿಯಾಗಿ ಸಿನಿಮಾದ ನಡುವೆ ನಿಂತುಹೋಗುತ್ತದೆ. ಚೌಕ ಅಲೆಯ ಹಳೆಯ ಇನ್ವರ್ಟರ್ ಮೇಲೆ ಓಡಿಸಿದರೆ ಸ್ಪೀಕರ್‌ಗಳಲ್ಲಿ ಗುಂಯ್ ಎನ್ನುವ ಸದ್ದು ಬರಬಹುದು, ಸೈನ್ ವೇವ್ ಇನ್ವರ್ಟರ್ ಬೇಕು. ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡುವುದು ಕ್ಷೇಮ.

ಅಪಾರ್ಟ್‌ಮೆಂಟ್‌ನಲ್ಲಿ ಕೆಳಗಿನ ಮನೆಯವರಿಗೆ ತಲುಪುವುದು ಬೇಸ್. ಸಬ್‌ವೂಫರ್ ಕೆಳಗೆ ಎರಡು ಇಂಚಿನ ದಟ್ಟ ಫೋಮ್ ಅಥವಾ ರಬ್ಬರ್ ಮ್ಯಾಟ್ ಹಾಕಿದರೆ ನೆಲದ ಮೂಲಕ ಇಳಿಯುವ ನಡುಕ ಕಡಿಮೆಯಾಗುತ್ತದೆ, ಗಾಳಿಯ ಮೂಲಕ ಹೋಗುವುದು ಹಾಗೇ ಉಳಿಯುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಹತ್ತರ ನಂತರ ಜೋರು ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತುವ ರಿಸೀವರ್‌ನ ನೈಟ್ ಮೋಡ್ ಹಾಕಿ, ಸಬ್‌ವೂಫರ್ ಮಟ್ಟವನ್ನು 6 ಡೆಸಿಬಲ್ ಇಳಿಸಿ. ಪಿಸುಮಾತು ಕೇಳುತ್ತದೆ, ಸ್ಫೋಟ ಕೆಳಗಿನ ಮನೆಗೆ ಇಳಿಯುವುದು ಬಹಳ ತಗ್ಗುತ್ತದೆ.