ಸಂಘದ ಟ್ರಿಪ್ಪಿಗೆ ಬಸ್ಸು ಮಾಡುವ ಮುಂಚೆ

ಕುಶಾಲನಗರದ ನಮ್ಮ ಸ್ತ್ರೀಶಕ್ತಿ ಸಂಘದ ಟ್ರಿಪ್ಪು ಪ್ರತಿ ವರ್ಷ ನನ್ನ ತಲೆಗೇ ಬರುತ್ತದೆ. ಮೊದಲು ದುಡ್ಡು ಕೈಗೆ ಬರಲಿ, ಆಮೇಲೆ ಬಸ್ಸು. "ಬರ್ತೀನಿ ಅಕ್ಕಾ" ಅಂದವರನ್ನೆಲ್ಲ ಲೆಕ್ಕ ಹಿಡಿದು ಒಮ್ಮೆ ದೊಡ್ಡ ಬಸ್ಸು ಮಾಡಿದೆ. ಹನ್ನೊಂದು ಸೀಟು ಖಾಲಿ ಹೋಯಿತು.

ನಮ್ಮ ತಿರುವುಗಳಿಗೆ ಮಿನಿ ಬಸ್ಸೇ ವಾಸಿ. ಡೀಸೆಲ್, ಡ್ರೈವರ್ ಬಾಟಾ, ಪಾರ್ಕಿಂಗ್ ಯಾರ ಲೆಕ್ಕಕ್ಕೆ ಅಂತ ಮೊದಲೇ ಬರೆಸಿಕೊಳ್ಳಿ.

ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ದುಬಾರೆಯ ಆನೆ ಸ್ನಾನ ಬೆಳಿಗ್ಗೆಯ ಹೊತ್ತಿನದು. ಅದಕ್ಕೆ ನಿಸರ್ಗಧಾಮ ಸೇರಿಸಿದರೆ ದಿನ ಮುಗಿಯಿತು. ತಲಕಾವೇರಿಗೆ ಬೇರೆ ದಿನ ಇಡಿ. ಬೆಳಿಗ್ಗೆ ಆರಕ್ಕೇ ಹೊರಟು, ಭಾಗಮಂಡಲದ ಸಂಗಮದಲ್ಲಿ ಕಾಲು ತೊಳೆದು, ಅಲ್ಲಿಂದ 8 ಕಿ.ಮೀ. ಏರು. ಹಿಂದಿರುಗುವಾಗ ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯಾಸ್ತ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ದಿನ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಜನಜಾತ್ರೆ, ಭಕ್ತಿಗಾದರೆ ಹೋಗಿ, ಸುತ್ತಾಟಕ್ಕಲ್ಲ. ಮಾಂದಲಪಟ್ಟಿ ಬೆಟ್ಟದ ಆಸೆಯಿದ್ದರೆ ಬಸ್ಸು ಕೆಳಗೇ ಬಿಟ್ಟು ಜೀಪು ಹಿಡಿಯಬೇಕು, ಆ ಖರ್ಚು ಮೊದಲೇ ಹೇಳಿಬಿಡಿ.

ಈಗ ವಾಂತಿಯ ವಿಷಯ. ತಲೆ ಸುತ್ತುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದಿನ ಸಾಲು ಹಾಡುವವರಿಗೆ. ನನ್ನ ಚೀಲದಲ್ಲಿ ನಿಂಬೆಹಣ್ಣು, ಹಳೇ ಪೇಪರು, ಕವರು ಯಾವತ್ತೂ ಇರುತ್ತವೆ. ತಿಂಡಿಗೆ ಪುಳಿಯೋಗರೆ ಕಟ್ಟಿ, ಆದರೆ ಏರು ಹತ್ತುವ ಮುಂಚೆ ಹೊಟ್ಟೆ ತುಂಬ ಬಡಿಸಬೇಡಿ. ಡ್ರೈವರಣ್ಣನ ಪಾಲು ಮೊದಲು ತೆಗೆದಿಡಿ.

ಪ್ರತಿ ಸಲ ಹೊರಡುವ ಮುಂಚೆ ತಲೆ ಎಣಿಸಿ. ಅಬ್ಬಿ ಜಲಪಾತದಲ್ಲಿ ನಮ್ಮ ಚಿಕ್ಕಮ್ಮನನ್ನೇ ಬಿಟ್ಟು ಹೊರಟಿದ್ದೆವು, ಏಲಕ್ಕಿ ಚೌಕಾಸಿ ಮಾಡುತ್ತಾ ನಿಂತಿದ್ದರು.