ಮೂರ್ನಾಲ್ಕ್ಲೆ ಹನ್ನೆರಡು: ಬೀ-ಬಾಟ್ ಜತೆ ಲೆಕ್ಕದ ಪಾಠ

ಬೀ-ಬಾಟ್ ಜೇನುಹುಳದ ಆಕಾರದ ಪುಟ್ಟ ರೋಬಾಟ್. ಬೆನ್ನ ಮೇಲೆ ಏಳು ಗುಂಡಿ: ಮುಂದೆ, ಹಿಂದೆ, ಎಡ, ಬಲ, ಗೋ (ಒತ್ತಿದ್ದನ್ನೆಲ್ಲ ಸಾಲಾಗಿ ನಡೆಸುವುದು), ಪಾಸ್ (ಕ್ಷಣಹೊತ್ತು ನಿಲ್ಲಿಸುವುದು), ಅಳಿಸುವ ಗುಂಡಿ. ಮುಂದಿನ ಬಾಣ ಒಮ್ಮೆ ಒತ್ತಿದರೆ 15 ಸೆಂ.ಮೀ. ನಡೆಯುತ್ತದೆ, ಎಡ-ಬಲ ಒತ್ತಿದರೆ ನಿಂತಲ್ಲೇ 90 ಡಿಗ್ರಿ ತಿರುಗುತ್ತದೆ. ಕಂಪ್ಯೂಟರ್ ಬೇಡ. ಒಂದರಿಂದ ನಾಲ್ಕನೇ ತರಗತಿಯ ಲೆಕ್ಕಕ್ಕೆ ಇಷ್ಟು ಧಾರಾಳ.

ಮೊದಲು ಸಂಖ್ಯಾರೇಖೆ. ಹಳೆಯ ಫ್ಲೆಕ್ಸ್ ಬ್ಯಾನರಿನ ಹಿಂಬದಿಯಲ್ಲಿ ಮಾರ್ಕರ್‌ನಿಂದ 15 ಸೆಂ.ಮೀ.ಗೊಂದು ಗೆರೆ ಹಾಕಿ 0ಯಿಂದ 20ರವರೆಗೆ ಬರೆದುಕೊಂಡಿದ್ದೇನೆ. ಇಪ್ಪತ್ತು ಜಿಗಿತಕ್ಕೆ 3 ಮೀಟರ್, ಎರಡೂ ತುದಿಗೆ 15 ಸೆಂ.ಮೀ. ಸೇರಿ 3.30 ಮೀಟರ್. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಬಹುದು, ಆದರೆ ಪುಡಿ ಚಕ್ರಕ್ಕೆ ಮೆತ್ತಿಕೊಂಡು ಜಾರುತ್ತದೆ. ಫ್ಲೆಕ್ಸಿನ ಅಂಚು ಮೇಲೆದ್ದರೆ ಹಿಂದಿನ ದಿನವೇ ಉಲ್ಟಾ ಸುತ್ತಿಡಬೇಕು.

3ರ ಮೇಲೆ ಬೀ-ಬಾಟ್ ನಿಲ್ಲಿಸಿ, 4 ಕೂಡಿಸಿದರೆ ಎಲ್ಲಿಗೆ ಹೋಗುತ್ತದೆಂದು ಕೇಳಿ ಅಲ್ಲೊಂದು ಹುಣಸೆಬೀಜ ಇಡಿಸಿ. ಸುಮಾರು ಮಕ್ಕಳು 6ರ ಮೇಲೆ ಇಡುತ್ತಾರೆ. ನಿಂತ ಜಾಗವನ್ನೇ ಒಂದು ಎಂದು ಎಣಿಸಿರುತ್ತಾರೆ. ಬೀ-ಬಾಟ್ 7ಕ್ಕೆ ಹೋಗಿ ನಿಲ್ಲುತ್ತದೆ. ಬೀಜ ಇಡಿಸದೆ ಗೋ ಒತ್ತಿಸಿದರೆ ಪಾಠ ಹಾಳು. ಮಕ್ಕಳು ಓಡಾಟ ನೋಡುತ್ತಾರೆ, ಲೆಕ್ಕ ಮಾಡುವುದಿಲ್ಲ.

ಪ್ರತಿ ತರಗತಿಯಲ್ಲೂ ಆಗುವ ಎಡವಟ್ಟು ಒಂದಿದೆ. ಅಳಿಸುವ ಗುಂಡಿ ಒತ್ತದೆ ಹೊಸ ಲೆಕ್ಕ ಶುರು ಮಾಡಿದರೆ ಹಳೆಯ ಒತ್ತುಗಳ ಹಿಂದೆ ಹೊಸವೂ ಸೇರಿಕೊಳ್ಳುತ್ತವೆ. 4ರ ನಂತರ 2 ಒತ್ತಿದರೆ 6 ಹೆಜ್ಜೆ ನಡೆಯುತ್ತದೆ. ನಾಲ್ವರ ಗುಂಪಿನಲ್ಲಿ ಒಬ್ಬರಿಗೆ ಅಳಿಸುವ ಕೆಲಸವನ್ನಷ್ಟೇ ಕೊಡುತ್ತೇನೆ. ಒಬ್ಬರು ಬಾಣದ ಚೀಟಿ ಜೋಡಿಸುತ್ತಾರೆ, ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ಜೋರಾಗಿ ಎಣಿಸುತ್ತಾರೆ. ಚೀಟಿ ಇದ್ದರೆ ತಪ್ಪು ಎಲ್ಲಾಯಿತೆಂದು ಹುಡುಕಬಹುದು. ಒತ್ತಿದ ಗುಂಡಿಗೆ ಗುರುತೇ ಉಳಿಯುವುದಿಲ್ಲ.

ಮಗ್ಗಿಗೆ ಪಾಸ್ ಗುಂಡಿ ಬಲು ಉಪಯೋಗಿ. ಮೂರು ಮುಂದೆ, ಒಂದು ಪಾಸ್, ಮತ್ತೆ ಮೂರು. ಹೀಗೆ ನಾಲ್ಕು ಸಲ. 12 ಹೆಜ್ಜೆ, 3 ಪಾಸ್. ಅದು ನಿಂತಲ್ಲೆಲ್ಲ ಮಕ್ಕಳು ‘ಮೂರೊಂದ್ಲೆ ಮೂರು, ಮೂರೆರಡ್ಲೆ ಆರು’ ಎನ್ನುತ್ತಾ ಬರುತ್ತಾರೆ. ನಮ್ಮ ಮಗ್ಗಿಯ ಧಾಟಿಯೇ ಹಾಗಿದೆ: ಮೂರು ಕದಲುವುದಿಲ್ಲ, ಜಿಗಿತದ ಲೆಕ್ಕ ಏರುತ್ತದೆ. ಆಮೇಲೆ ನಾಲ್ಮೂರ್ಲೆ ಓಡಿಸಿ. ನಿಲ್ಲುವುದು ಅದೇ 12ರಲ್ಲಿ, ಪಾಸ್ ಮಾತ್ರ ಎರಡು.

ಆಯತಕ್ಕೆ ಬಂದಾಗ ಚೌಕಗಳ ಹಾಸು ಬೇಕು. ರೋಬಾಟನ್ನು ಚೌಕದ ಮನೆಯ ನಡುವೆ ಇಡಬೇಡಿ, ಗೆರೆಗಳು ಕೂಡುವ ಮೂಲೆಯಲ್ಲಿಡಿ. ಮನೆಯೊಳಗಿಟ್ಟು 3 ಹೆಜ್ಜೆ, 2 ಹೆಜ್ಜೆ ಸುತ್ತಿಸಿದರೆ ಮಕ್ಕಳು ತುಳಿದ ಮನೆ ಎಣಿಸಿ 4 × 3 ಎನ್ನುತ್ತಾರೆ. ವಿಸ್ತೀರ್ಣ 6 ಇದ್ದದ್ದು 12 ಆಗುತ್ತದೆ. ಮೂಲೆಯಿಂದ ಹೊರಟರೆ ಒಳಗೆ ಸರಿಯಾಗಿ 6 ಚೌಕ, ಸುತ್ತಳತೆ 10 ಹೆಜ್ಜೆ. ಟೇಪಿನಲ್ಲಿ ಅಳೆಸಿದರೆ 150 ಸೆಂ.ಮೀ. ‘ಬಲಕ್ಕೆ ತಿರುಗು’ ಅಂದರೆ ಬಲಗಡೆಯ ಮನೆಗೆ ಹೋಗು ಎಂದುಕೊಳ್ಳುವ ಮಗುವನ್ನು ಎಬ್ಬಿಸಿ ನಿಂತಲ್ಲೇ ತಿರುಗಿಸಿ. ಎದುರಿಗೆ ಕೂತವರಿಗೆ ರೋಬಾಟಿನ ಎಡ-ಬಲ ಅದಲುಬದಲು ಕಾಣುವುದರಿಂದ ಗುಂಪಿನವರೆಲ್ಲ ಅದರ ಬೆನ್ನ ಹಿಂದೆಯೇ ಕೂರಲಿ.

ಉದ್ದ ದಾರಿಯಲ್ಲಿ ಅದು ವಾಲುವುದು ಸಾಮಾನ್ಯ. ಹೊರಡುವಾಗ 2 ಡಿಗ್ರಿ ಓರೆಯಾಗಿದ್ದರೂ 3 ಮೀಟರಿಗೆ 10 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಮರದ ಸ್ಕೇಲಿಗೆ ಒತ್ತಿ ನಿಲ್ಲಿಸಿ ಹೊರಡಿಸುತ್ತೇನೆ. ಆಗಲೂ ಒಂದೇ ಕಡೆಗೆ ಎಳೆದರೆ ಚಕ್ರಕ್ಕೆ ಕೂದಲು ಸುತ್ತಿದೆಯೇ ನೋಡಿ, ಕಡ್ಡಿಯಿಂದ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.