ನ್ಯಾಟ್ ಇದ್ರೆ ಸಾಕು ಅಂದ್ಕೊಂಡಿದ್ದೆ

ಅಟ್ಟದ ಮೇಲಿದ್ದ ಹಳೇ ಡೆಸ್ಕ್‌ಟಾಪನ್ನೇ ಮನೆಗೆ ರೂಟರ್ ಮಾಡಬೇಕು ಅಂತ ಹಠ ಹತ್ತಿತ್ತು. ಅದಕ್ಕಿದ್ದದ್ದು ಒಂದೇ ನೆಟ್‌ವರ್ಕ್ ಪೋರ್ಟ್. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಚೌಕಾಸಿ ಮಾಡಿ, ಸೆಕೆಂಡ್‌ಹ್ಯಾಂಡ್ ಕಾರ್ಡೊಂದು ತಂದು ಸಿಕ್ಕಿಸಿದೆ. ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಒಂದು ಕೇಬಲ್ ಫೈಬರ್ ಡಬ್ಬಿಗೆ, ಇನ್ನೊಂದು ವೈಫೈ ಡಬ್ಬಿಗೆ ಕೊಟ್ಟೆ.

ನೆಟ್ ಬರಲಿಲ್ಲ. ಗಂಟೆಗಟ್ಟಲೆ ತಲೆ ಕೆರೆದುಕೊಂಡ ಮೇಲೆ ಕಂಡದ್ದು: ಫೈಬರ್ ಡಬ್ಬಿ ಕಡೆಯ ವಿಳಾಸಗಳ ಶುರುವೂ 192.168.1, ಮನೆಯೊಳಗೆ ನಾನು ಕೊಟ್ಟದ್ದೂ 192.168.1. ಆಚೆ ಈಚೆ ಎರಡೂ ಬೀದಿಗೆ ಒಂದೇ ಹೆಸರಿಟ್ಟರೆ ಡೇಟಾದ ತುಂಡು, ಅಂದ್ರೆ ಪ್ಯಾಕೆಟ್ಟು, ಪಾಪ ಎಲ್ಲಿಗೆ ಹೋಗಬೇಕು? ಒಳಗಿನದನ್ನು 192.168.50 ಮಾಡಿದೆ. ಒಂದು ಪೋರ್ಟಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸೋ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಲಿನಕ್ಸ್‌ನಲ್ಲಿ ಪ್ಯಾಕೆಟ್‌ಗಳಿಗೆ ನಿಯಮ ಬರೆಯೋ ಎನ್‌ಎಫ್‌ಟೇಬಲ್ಸ್‌ನಲ್ಲಿ ಹೊರಗಿನ ಪೋರ್ಟಿಗೆ ನ್ಯಾಟ್ ಮಾಡೋ ಮಾಸ್ಕರೇಡ್ ಅಂತ ಒಂದು ಸಾಲು ಬರೆದೆ. ಬಂತು.

ನ್ಯಾಟ್ ಅಂದ್ರೆ ನಮ್ಮ ಹಳೇ ವಠಾರದ ಲೆಕ್ಕ. ಹೊರಗಿನವರಿಗೆ ಒಂದೇ ಡೋರ್ ನಂಬರು. ಯಾರ ಕಾಗದಕ್ಕೆ ಬಂದ ಉತ್ತರ ಯಾವ ಮನೆಗೆ ಅನ್ನೋದು ಗೇಟಿನ ಹತ್ತಿರ ಕೂತವರಿಗೆ ಮಾತ್ರ ಗೊತ್ತು.

ಯಾರನ್ನು ಬಿಡಬೇಕು, ಯಾರನ್ನು ತಡೀಬೇಕು ಅಂತ ನೋಡೋ ಫೈರ್‌ವಾಲ್‌ನಲ್ಲಿ ಮಾತ್ರ ಸರಿಯಾಗಿ ಏಟು ತಿಂದೆ. ರೂಟರ್ ಪೆಟ್ಟಿಗೆಗೆ ಬರೋದೆಲ್ಲ ಡ್ರಾಪ್, ಒಳಗಿನಿಂದ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಂದ ಪೆಟ್ಟಿಗೆ ನಡೆಸೋ ದಾರಿ) ಒಂದು ಬಿಡು, ಶುರುವಾಗಿರೋ ಸಂಪರ್ಕಗಳ ಉತ್ತರ ಬಿಡು ಅಂತ ಬರೆದು ಹೆಮ್ಮೆಯಿಂದ ಎದ್ದೆ. ಸ್ವಲ್ಪ ಹೊತ್ತಿಗೆ ಹಾಲ್‌ನಿಂದ ಅಮ್ಮ: "ಏನ್ ಮಾಡಿದ್ಯೋ? ಟಿವೀಲಿ ಏನೂ ಬರ್ತಿಲ್ಲ!" ಸೈಟಿನ ಹೆಸರಿಗೆ ವಿಳಾಸ ಹುಡುಕೋ ಡಿಎನ್‌ಎಸ್, ಮನೆಯ ಸಾಮಾನುಗಳಿಗೆ ವಿಳಾಸ ಹಂಚೋ ಡಿಎಚ್‌ಸಿಪಿ ಎರಡೂ ಅದೇ ಪೆಟ್ಟಿಗೆಯಲ್ಲೇ ಓಡ್ತಿವೆ ಅನ್ನೋದೇ ಮರೆತಿದ್ದೆ. ಒಳಗಿನವರಿಗೆ ಅವುಗಳ ಬಾಗಿಲ ನಂಬರು (ಇದಕ್ಕೂ ಪೋರ್ಟ್ ಅಂತಲೇ ಹೆಸರು) 53, 67 ತೆರೆದೆ. ಈಗ ನಿಯಮ ಬದಲಿಸೋ ಮುಂಚೆ, ಐದು ನಿಮಿಷ ಬಿಟ್ಟು ಹಳೇ ಫೈಲನ್ನೇ ವಾಪಸ್ ಹಾಕು ಅಂತ ಪೆಟ್ಟಿಗೆಗೆ ಹೇಳಿಟ್ಟಿರ್ತೀನಿ. ನಾನೇ ಹೊರಗೆ ಬಿದ್ದರೂ ಬಾಗಿಲು ತಾನಾಗಿ ತೆಗೆಯತ್ತೆ.

ಫೈಬರ್ ಡಬ್ಬಿಯೂ ನ್ಯಾಟ್ ಮಾಡ್ತಿತ್ತು. ಎರಡೆರಡು ಯಾಕೆ ಅಂತ ಆಮೇಲೆ ಅದನ್ನು ಬ್ರಿಡ್ಜ್ (ಬರೀ ದಾಟಿಸೋ ಡಬ್ಬಿ) ಮಾಡಿಸಿ, ನೆಟ್ ಕಂಪನಿಗೆ ಲಾಗಿನ್ ಆಗೋ ಪಿಪಿಪಿಒಇ ನನ್ನ ಪೆಟ್ಟಿಗೆಗೇ ತಂದೆ. ಕೆಲವು ಸೈಟು ಅರ್ಧಕ್ಕೇ ನಿಲ್ಲೋಕೆ ಶುರುವಾಯ್ತು. ಪಿಪಿಪಿಒಇ ಎಂಟು ಬೈಟ್ ತಿಂದು, ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ (ಎಂಟಿಯು) 1492 ಆಗಿರತ್ತೆ, ಅದರೊಳಗೆ ಹಿಡಿಸೋ ಡೇಟಾದ ಮಿತಿ (ಎಂಎಸ್‌ಎಸ್) ಇಳಿಸಿದ್ದಕ್ಕೆ ಸರಿಹೋಯ್ತು. ಸಿಕ್ಕ ವಿಳಾಸ ನೋಡಿದರೆ 100.72ರಿಂದ ಶುರು. 100.64ರಿಂದ 100.127ರವರೆಗಿನದ್ದು ನೆಟ್ ಕಂಪನಿಗಳ ದೊಡ್ಡ ನ್ಯಾಟ್‌ಗೆ ಅಂತಲೇ 2012ರಲ್ಲಿ ಎತ್ತಿಟ್ಟದ್ದು. ಅಂದರೆ ನನ್ನ ವಠಾರ ಇನ್ನೊಂದು ವಠಾರದೊಳಗೆ! ಮನೆಯ ಕ್ಯಾಮೆರಾ ಹೊರಗಿನಿಂದ ನೋಡೋಕೆ ಅಂತ ಪೋರ್ಟ್ ಫಾರ್ವರ್ಡ್ ಮಾಡೋಕೆ ಕಳೆದ ಸಂಜೆಯೆಲ್ಲ ನೀರಿನಲ್ಲಿ ಹೋಮ.

ಹೊರಗಿನಿಂದ ಯಾರೂ ಬರೋಕಾಗಲ್ಲವಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡೆ. ಆದರೆ ಅದೇ ಸಂಪರ್ಕದಲ್ಲಿ ಐಪಿವಿ6 (ಉದ್ದನೆ ವಿಳಾಸಗಳ ಹೊಸ ಪದ್ಧತಿ) ಕೂಡ ಬಂದಿತ್ತು. ಅದರಲ್ಲಿ ನ್ಯಾಟ್ ಇಲ್ಲ, ಮನೆಯ ಒಂದೊಂದು ಸಾಮಾನಿಗೂ ಸ್ವಂತ ವಿಳಾಸ. ಸುಮ್ಮನೆ ಅನುಮಾನಕ್ಕೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪ್ರಿಂಟರ್‌ನ ಉದ್ದನೆ ವಿಳಾಸ ಹೊಡೆದೆ. ಪ್ರಿಂಟರ್ ಪುಟ ಮುಂದೆ ಬಂದು ಕೂತಿತು, ಇಂಕ್ ಎಷ್ಟಿದೆ ಅನ್ನೋದೂ ಸೇರಿ. ಪಾಸ್‌ವರ್ಡೂ ಕೇಳಲಿಲ್ಲ. ಎದೆ ಧಸಕ್ ಅಂತು.

ತಪ್ಪು ಒಂದು ಪದದ್ದು. ನಿಯಮಗಳ ಟೇಬಲನ್ನು 'ಐಪಿ' ಅಂತ ಬರೆದಿದ್ದೆ. ಅದು ಹಳೇ ಪದ್ಧತಿಯ ಐಪಿವಿ4 ಬಿಟ್ಟರೆ ಬೇರೇನೂ ನೋಡಲ್ಲ. 'ಐನೆಟ್' ಅಂತ ಬರೆದರೆ ಎರಡನ್ನೂ ನೋಡತ್ತೆ. ತಿದ್ದಿ, ಹೊರಗಿನಿಂದ ಒಳಕ್ಕೆ ಹೊಸದಾಗಿ ಬರೋದನ್ನೆಲ್ಲ ಡ್ರಾಪ್ ಮಾಡಿದೆ. ಸಿಟ್ಟಿನಲ್ಲಿ ಐಸಿಎಂಪಿವಿ6 (ಐಪಿವಿ6ನ ಸುದ್ದಿ ಮುಟ್ಟಿಸೋ ಭಾಗ) ಪೂರ್ತಿ ಮುಚ್ಚೋಕೆ ಹೋಗಬೇಡಿ. ಅಕ್ಕಪಕ್ಕದ ಯಂತ್ರ ಹುಡುಕೋದಕ್ಕೂ, ಪ್ಯಾಕೆಟ್ ದೊಡ್ಡದಾಯ್ತು ಅಂತ ಸುದ್ದಿ ಬರೋದಕ್ಕೂ ಅದೇ ಬೇಕು.

ಮತ್ತೆ ಅದೇ ವಿಳಾಸ ಹೊಡೆದೆ. ಸುತ್ತಿ ಸುತ್ತಿ ಸುಸ್ತಾಗಿ ನಿಂತಿತು. ಕ್ಯಾಮೆರಾ ಈಗ ಐಪಿವಿ6 ಮೇಲೆ ವೈರ್‌ಗಾರ್ಡ್ ಅನ್ನೋ ವಿಪಿಎನ್‌ನಲ್ಲಿ (ಮನೆಗೆ ಬರೋ ಗುಪ್ತ ಸುರಂಗ) ಸಿಗತ್ತೆ. ಆಫೀಸ್ ವೈಫೈನಲ್ಲಿ ಐಪಿವಿ6 ಇಲ್ಲ, ಅಲ್ಲಿಂದ ಇನ್ನೂ ಆಗ್ತಿಲ್ಲ.